ನಾಲ್ಕನೇ ಪುಟದ ಒಪ್ಪಿಗೆ

ನಮ್ಮ ಮನೆಯವರು ಕುರ್ಚಿಯಲ್ಲಿ ಕೂರುವ ಮೊದಲು ಅದನ್ನು ಒಮ್ಮೆ ಅಲುಗಾಡಿಸಿ ನೋಡುವ ಜಾತಿ. ಬೀಗ ಹಾಕಿದ ಮೇಲೆ ಎಳೆದು ನೋಡುತ್ತಾರೆ. ಮೆಟ್ಟಿಲಿಳಿದವರು ಮತ್ತೆ ಹತ್ತಿ ಬಂದು ಇನ್ನೊಮ್ಮೆ ಎಳೆಯುತ್ತಾರೆ. ಹೊಸ ಇಸ್ತ್ರಿಪೆಟ್ಟಿಗೆ ತಂದರೆ ಅದರ ಜತೆ ಬಂದ ಕಾಗದವನ್ನು ಕೊನೆಯ ಸಾಲಿನವರೆಗೆ ಓದದೆ ಪ್ಲಗ್ ಚುಚ್ಚಲು ಬಿಡುವುದಿಲ್ಲ. ಅಷ್ಟರಲ್ಲಿ ನಾನು ಹಳೆಯದರಲ್ಲೇ ಇಸ್ತ್ರಿ ಮುಗಿಸಿರುತ್ತೇನೆ. ನನ್ನ ತಮ್ಮ ಇವರಿಗೆ ತಪಾಸಣೆ ಭಾವ ಎಂದು ಹೆಸರಿಟ್ಟಿದ್ದಾನೆ. ಇವರಿಗೆ ಬೇಸರವೇ ಇಲ್ಲ. "ಒಳ್ಳೆ ಹೆಸರೇ ಅಲ್ವಾ?" ಎಂದು ನನ್ನನ್ನೇ ಕೇಳುತ್ತಾರೆ. ಇಂಥವರ ಜತೆ ಬಾಳುವವಳಿಗೆ ತಾಳ್ಮೆ ಬೇಕು, ನನಗೆ ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇದೆ.

ಕೆಲಸವೂ ಅಂಥದ್ದೇ. ಎರಡು ಬೀದಿ ಆಚೆಗಿನ ಸಣ್ಣ ಆಫೀಸಿನಲ್ಲಿ ಜಾವಾ ಪ್ರೋಗ್ರಾಮರ್. ಹೊಸದಾಗಿ ಬರೆದು ಚಪ್ಪಾಳೆ ಗಿಟ್ಟಿಸಿಕೊಳ್ಳುವವರು ಬೇರೆ. ಬರೆದದ್ದು ಕೈಕೊಟ್ಟಾಗ ಯಾಕೆ ಕೈಕೊಟ್ಟಿತು ಎಂದು ಹುಡುಕುವವರು ಇವರು. ದಾರಿಯಲ್ಲಿ ಬಿದ್ದುಹೋದ ಅಂಗಿ ಗುಂಡಿಯನ್ನು ಹುಡುಕುವವನ ಹಾಗೆ ತಲೆ ತಗ್ಗಿಸಿಕೊಂಡು ಸಾಲು ಸಾಲಾಗಿ ಓದುತ್ತಾರೆ. ಸಿಕ್ಕ ದಿನ ಮನೆಗೆ ಸಿಳ್ಳೆ ಹಾಕುತ್ತಾ ಬರುತ್ತಾರೆ. ಆ ಸಿಳ್ಳೆಯ ಶ್ರುತಿ ಮಾತ್ರ ದೇವರಿಗೇ ಪ್ರೀತಿ.

ನಾನು ಬಟ್ಟೆ ಹೊಲಿಯುತ್ತೇನೆ. ನನ್ನ ಮಷೀನು ಮಂಚಕ್ಕೂ ಬೀರುವಿಗೂ ನಡುವೆ ಸಿಕ್ಕಿಹಾಕಿಕೊಂಡಿತ್ತು. ಅಳತೆ ಕೊಡಲು ಬಂದ ಹೆಂಗಸರು ಮಂಚದ ಮೇಲೆ ಸಾಲಾಗಿ ಕೂರಬೇಕು, ಇವರು ಅಷ್ಟು ಹೊತ್ತೂ ಅಡುಗೆಮನೆಯಲ್ಲಿ ಪೇಪರ್ ಓದಬೇಕು. ದಿಂಬಿನಲ್ಲಿ ಒಮ್ಮೆ ಗುಂಡುಸೂಜಿ ಸಿಕ್ಕ ಮೇಲಂತೂ ಹಾಸಿಗೆಯ ತಪಾಸಣೆಯೂ ಶುರುವಾಯಿತು. ನನ್ನದೇ ಒಂದು ಅಂಗಡಿ, ಒಂದು ದೊಡ್ಡ ಕನ್ನಡಿ, ಬಟ್ಟೆ ಪೂರ್ತಿ ಹರಡುವಷ್ಟು ಉದ್ದದ ಒಂದು ಮೇಜು: ಇಷ್ಟೇ ನನ್ನ ಆಸೆ. ಮದುವೆಗೆ ಮುಂಚಿನಿಂದಲೂ ಇದ್ದ ಆಸೆ.

ಅಷ್ಟರಲ್ಲಿ ನಗರಸಭೆಯವರು ಹೊಸ ಮಾರುಕಟ್ಟೆ ಕಟ್ಟಿದರು. ಕೈಕಸುಬಿನವರಿಗೆ ಮಳಿಗೆ ಕೊಡುತ್ತಾರೆ, ಕಂಪ್ಯೂಟರಿನಲ್ಲೋ ಫೋನಿನಲ್ಲೋ ಅರ್ಜಿ ತುಂಬಬೇಕು, ಒಂದೇ ದಿನ, ಸಂಜೆ ಐದಕ್ಕೆ ಬಾಗಿಲು ಬಂದ್. ಬಂದ ಅರ್ಜಿಗಳಲ್ಲಿ ಚೀಟಿ ಎತ್ತುತ್ತಾರೆ. ಆ ಅರ್ಜಿಯ ಪ್ರೋಗ್ರಾಂ ಮಾಡಿಕೊಟ್ಟದ್ದು ಇವರ ಆಫೀಸೇ. "ನನ್ನ ಹೆಂಡ್ತಿ ಅರ್ಜಿ ಹಾಕ್ತಾಳೆ, ನಾನು ಇದನ್ನ ಮುಟ್ಟಲ್ಲ" ಎಂದು ಇವರು ಮೊದಲ ದಿನವೇ ಹೇಳಿ ದೂರ ಉಳಿದಿದ್ದರು. ಕೇಳಿ ನನಗೆ ಹೆಮ್ಮೆಯೂ ಆಗಿತ್ತು, ಮೈಯೂ ಉರಿದಿತ್ತು.

ಆ ದಿನ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಕಾಗದಪತ್ರ ಹರವಿಕೊಂಡು ಕೂತೆ. ನಾಲ್ಕು ಪುಟದ ಅರ್ಜಿ. ಮೊದಲ ಪುಟದಲ್ಲಿ ಹೆಸರು, ವಿಳಾಸ, ವಯಸ್ಸು. ತುಂಬಿ 'ಮುಂದೆ' ಒತ್ತಿದೆ. ಕೆಂಪಕ್ಷರ ಬಂತು: 'ಷರತ್ತುಗಳಿಗೆ ಒಪ್ಪಿಗೆ ನೀಡುವುದು ಕಡ್ಡಾಯ.' ಎಲ್ಲಿದೆ ಷರತ್ತು? ಪುಟ ಮೇಲೆ ಕೆಳಗೆ ಜಾಲಾಡಿದೆ, ಒಪ್ಪಿಗೆ ಕೊಡುವ ಜಾಗವೇ ಇಲ್ಲ. ಮತ್ತೆ ಒತ್ತಿದೆ. ಮತ್ತೆ ಅದೇ ರಾಗ. ವಯಸ್ಸನ್ನು ಎರಡು ವರ್ಷ ಕಡಿಮೆ ಮಾಡಿದ್ದಕ್ಕೇನಾದರೂ ಹೀಗಾಯಿತೇ ಎಂದು ಅದನ್ನೂ ಸರಿಮಾಡಿದೆ. ಊಹೂಂ.

ಇವರಿಗೆ ಫೋನು ಮಾಡಿದೆ. ವಿಚಾರಿಸಿಕೊಂಡು ಬಂದು ಹೇಳಿದರು: "ನಮ್ಮಲ್ಲಿ ಸರಿಯಾಗೇ ಬರ್ತಿದೆಯಂತಲ್ಲೇ."

"ನಿಮ್ಮಲ್ಲಿ ಬಂದ್ರೆ ನನಗೇನು ಬಂತು?" ಎಂದು ಫೋನು ಕುಕ್ಕಿ, ಕುತ್ತಿಗೆಯಲ್ಲಿ ಅಳತೆಪಟ್ಟಿ ನೇತಾಡುತ್ತಿದ್ದಂತೆಯೇ ಆಫೀಸಿಗೆ ನುಗ್ಗಿದೆ.

ಅಲ್ಲಿ ನೋಡಿದರೆ ಎಲ್ಲರ ಮುಖವೂ ಸಪ್ಪೆ. ಮಧ್ಯಾಹ್ನವಾದರೂ ಒಂದೇ ಒಂದು ಅರ್ಜಿ ಬಂದಿರಲಿಲ್ಲ. ಫೋನುಗಳು ಬಡಿದುಕೊಳ್ಳುತ್ತಿದ್ದವು. ಮ್ಯಾನೇಜರು ನನ್ನನ್ನು ಕಂಡು ದೊಡ್ಡ ಉಪಕಾರ ಮಾಡುವವರ ಹಾಗೆ ನಕ್ಕರು. "ಅಮ್ಮಾ, ನೀವು ಕೂತ್ಕೊಳ್ಳಿ. ನಿಮ್ಮ ವಿವರ ಕೊಡಿ, ನಾವೇ ಕೈಯಿಂದ ಒಳಗೆ ಸೇರಿಸಿಬಿಡ್ತೀವಿ. ಬೇರೆ ಯಾರದ್ದೂ ಬರ್ದೇ ಹೋದ್ರೆ ಚೀಟಿ ಎತ್ತೋ ತಾಪತ್ರಯನೂ ಇಲ್ಲ!"

ನನ್ನ ಹೊಟ್ಟೆಗೆ ಹಾಲು ಹುಯ್ದಂತಾಯಿತು. ಉದ್ದದ ಮೇಜು ಕಣ್ಣ ಮುಂದೆ ಬಂದುಬಿಟ್ಟಿತು.

"ಬೇಡಿ ಸಾರ್," ಎಂದರು ಇವರು.

"ಯಾಕ್ರೀ ಬೇಡ?" ನಾನು ಕೂಗಿದೆ.

"ಬೇರೆಯವರೂ ಮೊದಲನೇ ಪುಟದಲ್ಲೇ ಸಿಕ್ಕಿಹಾಕ್ಕೊಂಡಿದ್ದಾರೆ ಕಣೇ."

"ಬೇರೆಯವರು ಅಂದ್ರೆ ಯಾರು? ಅವರ ಮುಖನಾದ್ರೂ ನೋಡಿದ್ದೀರಾ? ಕಟ್ಕೊಂಡ ಹೆಂಡ್ತಿಗಿಂತ ಹೆಚ್ಚಾ ಅವರು?"

"ಮುಖ ನೋಡಿಲ್ಲ," ಎಂದರು ಮೆಲ್ಲಗೆ. ಅಷ್ಟೇ. ಇವರು ಹೀಗೆ ಮೆಲ್ಲಗೆ ಮಾತಾಡಿದರೆ ಮುಗಿಯಿತು, ಜಪ್ಪಯ್ಯ ಅಂದರೂ ಜಗ್ಗುವುದಿಲ್ಲ.

ಅರ್ಜಿಯನ್ನು ಬರೆದ ಪ್ರೋಗ್ರಾಮರು ಗಡ್ಡ ಕೆರೆದುಕೊಳ್ಳುತ್ತಾ, "ತಪಾಸಣೆಗಳನ್ನೆಲ್ಲ ತೆಗೆದುಬಿಡ್ಲಾ? ಏನು ಬರೆದ್ರೂ ಒಳಗೆ ಹೋಗುತ್ತೆ" ಎಂದರು. "ಹೋಗುತ್ತೆ, ಆಮೇಲೆ ಅರ್ಧಂಬರ್ಧ ಅಂತ ಎಲ್ಲಾನೂ ತಿರಸ್ಕಾರ ಮಾಡ್ತಾರೆ" ಎಂದರು ಇವರು. "ನೀವು ಪರೀಕ್ಷೆ ಮಾಡಿದ್ದು ಹೇಗೆ, ಒಂದ್ಸಲ ತೋರ್ಸಿ."

ಅವರು ತೋರಿಸಿದರು. ಪರದೆಯ ಮೂಲೆಯಲ್ಲಿ ಒಂದು ಹಳದಿ ಗುಂಡಿ, 'ಎಲ್ಲ ತುಂಬು' ಅಂತ. ಅದನ್ನು ಒತ್ತಿದರೆ ನಾಲ್ಕೂ ಪುಟಗಳ ಉತ್ತರ ತಾನಾಗಿ ತುಂಬಿಕೊಳ್ಳುತ್ತದೆ. ದಿನಾ ನೂರು ಸಲ ಪರೀಕ್ಷೆ ಮಾಡುವವರು ಪ್ರತಿ ಸಲವೂ ವಿಳಾಸ ಬರೆಯುತ್ತಾ ಕೂರಲಾದೀತೇ, ಅದಕ್ಕೇ ಆ ಗುಂಡಿ. ಮುಂದೆ, ಮುಂದೆ, ಮುಂದೆ ಎಂದು ಒತ್ತಿ ಕೊನೆ ಮುಟ್ಟಿದರು. ಬೆಣ್ಣೆಯಲ್ಲಿ ಚಾಕು ಆಡಿಸಿದ ಹಾಗೆ.

ಇವರ ಮುಖ ಅರಳಿತು. ನನ್ನ ಕಡೆ ತಿರುಗಿ, "ನೀನು ಬಾ. ಗುಂಡಿ ಮುಟ್ಟಬೇಡ, ಮನೇಲಿ ತುಂಬಿದ ಹಾಗೇ ತುಂಬು" ಎಂದು ಕುರ್ಚಿಯನ್ನು ಅಲುಗಾಡಿಸಿ ನೋಡಿ ಕೊಟ್ಟರು. ಸಿಟ್ಟಿನಿಂದಲೇ ತುಂಬಿದೆ. ಮುಂದೆ ಒತ್ತಿದೆ. ಬಂತು ಆ ಕೆಂಪಕ್ಷರ, ಒಪ್ಪಿಗೆ ಕಡ್ಡಾಯ!

"ಸಿಕ್ತು!" ಎಂದು ಇವರು ಚಪ್ಪಾಳೆ ತಟ್ಟಿದರು, ನನ್ನ ಗೋಳಿಗೆ ಚಪ್ಪಾಳೆ. "ಒಪ್ಪಿಗೆ ಇರೋದು ನಾಲ್ಕನೇ ಪುಟದಲ್ಲಿ. ನಾಲ್ಕು ಪುಟದ ಉತ್ತರಾನೂ ಒಂದೇ ಡಬ್ಬಿಗೆ ಹಾಕ್ತಿದೀವಿ. ಮೊದಲನೇ ಪುಟದಲ್ಲಿ ಮುಂದೆ ಒತ್ತಿದ್ರೆ ಕೋಡು ಇಡೀ ಡಬ್ಬಿ ತಡಕುತ್ತೆ, ಕೊನೇ ಪುಟದ್ದು ಖಾಲಿ ಅಂತ ತಡೀತದೆ. ಹಳದಿ ಗುಂಡಿ ಒತ್ತಿದವರ ಡಬ್ಬಿ ಮೊದಲೇ ತುಂಬಿರುತ್ತೆ. ಖಾಲಿ ಡಬ್ಬಿ ಹಿಡ್ಕೊಂಡು ಬಂದವರು ಇಲ್ಲಿ ಯಾರೂ ಇರ್ಲಿಲ್ಲ!"

ಗಡ್ಡದವರು ಹಣೆ ಚಚ್ಚಿಕೊಂಡರು, ಆಮೇಲೆ ಜೋರಾಗಿ ನಕ್ಕರು. ಇಬ್ಬರೂ ಒಂದೇ ಕೀಬೋರ್ಡಿನ ಮುಂದೆ ಭುಜಕ್ಕೆ ಭುಜ ತಾಗಿಸಿ ಕೂತರು, ಒತ್ತುವ ಬೆರಳು ಗಡ್ಡದವರದ್ದು, ಓದುವ ಕಣ್ಣು ಇವರದ್ದು. ಇನ್ನು ಮೇಲೆ ಯಾವ ಪುಟದಲ್ಲಿದ್ದೀರೋ ಆ ಪುಟದ್ದಷ್ಟೇ ತಪಾಸಣೆ. ಕಟ್ಟಕಡೆಗೆ ಎಲ್ಲದಕ್ಕೂ ಒಮ್ಮೆ. ಅಲ್ಲಿ ತಪ್ಪು ಸಿಕ್ಕರೆ ಆ ತಪ್ಪಿರುವ ಪುಟಕ್ಕೇ ವಾಪಸ್ಸು. ನಾನು ಗಡಿಯಾರ ನೋಡುತ್ತಾ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಸುಸ್ತಾದೆ. ನಾಲ್ಕು ದಾಟಿತು. ಇವರು ಮಾತ್ರ ಇನ್ನೊಮ್ಮೆ, ಇನ್ನೊಮ್ಮೆ ಎಂದು ಖಾಲಿ ಡಬ್ಬಿಯಿಂದ ಶುರುಮಾಡಿ ನೋಡುತ್ತಲೇ ಇದ್ದರು.

ಕೊನೆಗೆ "ಆಯ್ತು" ಎಂದರು. ನಾನು ಅದೇ ಕಂಪ್ಯೂಟರಿಗೆ ಕೈಹಾಕಿದರೆ, "ಇದ್ರಲ್ಲಿ ಬೇಡ. ಹೊರಗೆ ಹೋಗಿ ನಿನ್ನ ಫೋನಲ್ಲೇ ಹಾಕು, ಎಲ್ಲರ ಹಾಗೆ" ಅಂದುಬಿಡುವುದೇ! ಹಲ್ಲು ಕಚ್ಚಿಕೊಂಡು ಮೆಟ್ಟಿಲ ಮೇಲೆ ಕೂತು ತುಂಬಿದೆ. ಮೊದಲನೇ ಪುಟ ದಾಟಿತು. ಎರಡನೆಯದರಲ್ಲಿ ಕೆಂಪಕ್ಷರ: 'ಮಳಿಗೆಯ ಅಳತೆಯನ್ನು ಅಂಕಿಯಲ್ಲಿ ಬರೆಯಿರಿ.' ನಾನು 'ಆದಷ್ಟು ದೊಡ್ಡದು' ಎಂದು ಬರೆದಿದ್ದೆ. ಒಬ್ಬಳೇ ಕೂತು ನಕ್ಕೆ. ನಾಲ್ಕನೇ ಪುಟದಲ್ಲಿ ಆ ಒಪ್ಪಿಗೆಯ ಚೌಕ ಕೊನೆಗೂ ಸಿಕ್ಕಿತು, ಬೆರಳು ನೋಯುವಷ್ಟು ಒತ್ತಿದೆ. ಒಳಗಿನಿಂದ ಹೋ ಎಂದು ಸದ್ದು ಕೇಳಿತು. ಎಲ್ಲರ ಅರ್ಜಿಗಳೂ ದಬದಬ ಬಂದು ಬೀಳುತ್ತಿದ್ದವು. ಹೆಚ್ಚು ಬಂದಷ್ಟೂ ನನಗೆ ಸಿಗುವ ಭರವಸೆ ಕಡಿಮೆ ಎಂದು ಲೆಕ್ಕ ಹಾಕುತ್ತಾ ನಾನು ಮೆಟ್ಟಿಲಿಳಿದೆ. ಅವತ್ತು ಸಂಜೆ ಇವರು ಸಿಳ್ಳೆ ಹಾಕುತ್ತಾ ಬಂದರು. ನಾನು ಮಾತಾಡಿಸಲಿಲ್ಲ.

ಚೀಟಿಯಲ್ಲಿ ನನ್ನ ಹೆಸರು ಬಂತು! ಮೆಟ್ಟಿಲ ಕೆಳಗಿನ ಮೂಲೆ ಮಳಿಗೆ, ಚಾವಣಿ ಓರೆ. ಆದರೂ ಉದ್ದದ ಮೇಜು ಹಿಡಿಸಿತು, ಕನ್ನಡಿಯೂ ನಿಂತಿತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೊದಲ ದಿನ ಇವರು ರಜೆ ಹಾಕಿ ಬಂದು ಷಟರನ್ನು ಎಳೆದು, ಬಿಟ್ಟು, ಮತ್ತೆ ಎಳೆದು ನೋಡುತ್ತಿದ್ದರು.

ಪಕ್ಕದ ಮಳಿಗೆಯಲ್ಲಿ ಬೀಗ ರಿಪೇರಿಯವನೊಬ್ಬ ಬೀಗದ ಕೈಗಳನ್ನು ಮೊಳೆಗೆ ನೇತುಹಾಕುತ್ತಿದ್ದ. ಅವನ ಒಂದು ತೋಳು ಮೊಣಕೈವರೆಗೆ ಮಾತ್ರ ಇತ್ತು. ಉಂಗುರವನ್ನು ಹಲ್ಲಿನಲ್ಲಿ ಕಚ್ಚಿ ಬಿಡಿಸುತ್ತಿದ್ದ. ಇಷ್ಟು ವರ್ಷ ಬಸ್ ನಿಲ್ದಾಣದ ಬಿಸಿಲಿನಲ್ಲೇ ಕೂತು ಕೆಲಸ ಮಾಡುತ್ತಿದ್ದನಂತೆ, ತಲೆ ನರೆತಿತ್ತು.

"ನಂದು ತಪ್ಪೇಹೋಗ್ತಿತ್ತು ಅಕ್ಕಾ," ಎಂದ ನಗುತ್ತಾ. "ಅವತ್ತು ಬೆಳಿಗ್ಗೆಯಿಂದ ಒಂದೇ ಕೈಯಲ್ಲಿ ತುಂಬಿದ್ದನ್ನೇ ತುಂಬಿದ್ದು, ಮೊದಲನೇ ಪುಟನೇ ದಾಟಲ್ಲ ಅನ್ನುತ್ತೆ. ನನ್ನ ಹಣೇಬರಹ ಇಷ್ಟೇ ಅಂತ ಫೋನು ಜೇಬಿಗಿಟ್ಟೆ. ಸಂಜೆ ಕಡೆಗೆ ನನ್ನವಳು ಇನ್ನೊಂದ್ಸಲ ನೋಡು ಅಂದ್ಲು. ಹೋಗೇಬಿಡ್ತು! ಯಾವ ಪುಣ್ಯಾತ್ಮ ಸರಿ ಮಾಡಿದ್ನೋ."

ನಾನು ಷಟರಿನ ಕಡೆ ತಿರುಗಿ ಇವರನ್ನು ನೋಡಿದೆ.

ಇವರು ಷಟರು ಬಿಟ್ಟು ನನ್ನ ಪಕ್ಕ ಬಂದು ನಿಂತರು. ಅವನನ್ನೇ ನೋಡುತ್ತಾ ನನಗಷ್ಟೇ ಕೇಳುವಂತೆ, "ಅವತ್ತು ಕೇಳಿದ್ಯಲ್ಲ, ಬೇರೆಯವರು ಅಂದ್ರೆ ಯಾರು, ಮುಖ ನೋಡಿದ್ದೀರಾ ಅಂತ. ಈಗ ನೋಡ್ದೆ" ಎಂದರು.

ಇವರನ್ನು ಅಲ್ಲೇ, ನಡು ಮಾರುಕಟ್ಟೆಯಲ್ಲಿ, ತಬ್ಬಿಕೊಂಡುಬಿಟ್ಟೆ. ಆಮೇಲೆ ಬೀಗದವನಿಗೆ ಕೇಳುವಂತೆ, "ಆ ಪುಣ್ಯಾತ್ಮ ಇವರೇ ಕಣಣ್ಣಾ, ನಮ್ಮ ಮನೆಯವರು!" ಎಂದು ಕೂಗಿದೆ. ಇವರು ಕಿವಿಯವರೆಗೂ ಕೆಂಪಾಗಿ, ಕೂರಲು ಎಂದು ನನ್ನ ಹೊಸ ಸ್ಟೂಲನ್ನು ಎಳೆದುಕೊಂಡರು. ಅಲುಗಾಡಿಸಿ ನೋಡಲು ಮರೆತೇಬಿಟ್ಟರು.