ಕಾವಿಗೆ ಕುಂತ ಸೆಲ್ಲು

ನಮ್ಮ ಹುಲಗೂರಿನಲ್ಲಿ ಯಾರ ಮನೆಯ ಕೋಳಿ ಕಾವಿಗೆ ಕುಳಿತರೂ ಏಳನೆಯ ದಿನ ಅದರ ತತ್ತಿಗಳು ಗುತ್ತೆವ್ವನ ಮನೆಗೆ ಬರುತ್ತವೆ. ಅವಳು ಕಂಬಳಿ ಹೊದ್ದು, ಒಳಗೆ ಕತ್ತಲು ಮಾಡಿಕೊಂಡು, ಒಂದೊಂದೇ ತತ್ತಿಯ ದಪ್ಪ ತುದಿಗೆ ಹೆಬ್ಬೆರಳಿನಷ್ಟು ಉದ್ದದ ಬ್ಯಾಟರಿ ಹಿಡಿದು ನೋಡುತ್ತಾಳೆ. ನಮ್ಮ ಕಡೆ ಟಾರ್ಚಿಗೇ ಬ್ಯಾಟರಿ ಅನ್ನುವುದು. ಅದರ ಹೊಟ್ಟೆಯೊಳಗೆ ಹಾಕುವುದು ಸೆಲ್ಲು. ತತ್ತಿಯೊಳಗೆ ಕೆಂಪು ಎಳೆಗಳು ಜೇಡನ ಕಾಲಿನ ಹಾಗೆ ಹರಡಿದ್ದರೆ "ಜೀವ ಐತಿ" ಅನ್ನುತ್ತಾಳೆ. ಬರೀ ಬೆಳಕು ಕಂಡರೆ "ಹುಸಿ". ಹುಸಿ ತತ್ತಿಯನ್ನು ತೆಗೆದುಬಿಡಬೇಕು. ಬಿಟ್ಟರೆ ಕೊಳೆತು, ಒಡೆದು, ಉಳಿದವನ್ನೂ ಕೆಡಿಸುತ್ತದೆ.

ಸಣ್ಣ ಹುಡುಗಿಯಾಗಿದ್ದಾಗ ಬಾಗಿಲಿನ ತೂತಿನಿಂದ ಬೀಳುವ ಬಿಸಿಲಿಗೆ ತತ್ತಿ ಹಿಡಿದು ಕಲಿತ ವಿದ್ಯೆ ಇದು. ಈಗ ಅವಳಿಗೆ ಅರವತ್ತು ದಾಟಿದೆ. ಅವಳ ಗಂಡ ಕನಕಪ್ಪ ಕಟ್ಟೆಯ ಮೇಲೆ ಕುಳಿತು, "ಮದುವ್ಯಾದಾಗಿಂದ ಈಕಿ ನನ್ನ ಮಾರಿ ಇಷ್ಟ ನೆಟ್ಟಗ ನೋಡಿಲ್ಲ ನೋಡ್ರಿ" ಎಂದು ಬಂದವರಿಗೆಲ್ಲ ಹೇಳುತ್ತಾನೆ. ಕಂಬಳಿಯೊಳಗಿಂದ ಉತ್ತರ ಬರುತ್ತದೆ: "ನಿನ್ನೊಳಗ ಏನೈತಿ ಅನ್ನೋದು ಬ್ಯಾಟರಿ ಹಚ್ಚದನ ಗೊತ್ತಾಗತೈತಿ, ಸುಮ್ಮಕುಂದ್ರು."

ಹೋದ ಮಾಘದಲ್ಲಿ ಆಸೀಮ ಹನ್ನೊಂದು ತತ್ತಿ ತಂದಳು. ಮಾಸೂರಿನಿಂದ ಮದುವೆಯಾಗಿ ಬಂದ ಹುಡುಗಿ ಅವಳು. ಆ ತತ್ತಿಗಳನ್ನು ತವರಿನಿಂದ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿದ್ದಳು. ಕೋಳಿಯೂ ಅವಳದೇ, ಮೊದಲ ಕೋಳಿ. ಗುತ್ತೆವ್ವ ನೋಡಿ, "ನಾಕಕ್ಕ ಜೀವ ಐತಿ, ಏಳು ಹುಸಿ" ಅಂದಳು. ಹುಡುಗಿಯ ಮುಖ ಇಳಿದುಹೋಯಿತು. ಜೊತೆಗೆ ಬಂದಿದ್ದ ಅತ್ತೆ, "ತವರಮನಿಯಿಂದ ಖಾಲಿ ತತ್ತಿ ತಂದಾಳ" ಎಂದು ನಕ್ಕು, ಏಳನ್ನು ಎತ್ತಿಕೊಳ್ಳಲು ಕೈಹಾಕಿದಳು.

ಅಷ್ಟರಲ್ಲಿ ಗುತ್ತೆವ್ವ ಬ್ಯಾಟರಿಯನ್ನು ತನ್ನ ಅಂಗೈಗೆ ಬಿಟ್ಟು ನೋಡಿದಳು. ಬೆಳಕು ಅರಿಸಿನದ ನೀರಿನ ಹಾಗಿತ್ತು.

"ತಡೀರಿ," ಅಂದಳು. "ಸೆಲ್ಲು ಸಾಯಾಕತ್ತೈತಿ, ಇಂಥಾ ಬೆಳಕಿನ್ಯಾಗ ಎಳಿ ಕಾಣಂಗಿಲ್ಲ. ನನ್ನ ಮಾತ ಖರೇ ಐತೋ ಇಲ್ಲೋ ಗೊತ್ತಿಲ್ಲ. ಎಲ್ಲಾ ಮತ್ತ ಕೋಳಿ ಬುಡಕ ಇಡ್ರಿ."

"ನಾಳೆ ಸಂಜೀಮಟ ಇಡ್ತೇನಿ," ಅಂದಳು ಅತ್ತೆ. "ಆಮ್ಯಾಲ ತಿಪ್ಪಿಗೆ."

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ನಾನೂ ಗುತ್ತೆವ್ವನೂ ಹೊಸ ಸೆಲ್ಲು ತರಲು ಮೊದಲ ಬಸ್ಸಿಗೆ ಶಿಗ್ಗಾಂವಿಗೆ ಹೋದೆವು. ಇರ್ಫಾನನ ಕರೆಂಟು ಸಾಮಾನಿನ ಅಂಗಡಿಯಲ್ಲಿ ಆಕೆ, "ತಮ್ಮಾ, ಬ್ಯಾಟರಿ ಐತಿ, ಸೆಲ್ಲು ಬೇಕು" ಅಂದರೆ ಅವನು ಸೆಲ್ ಫೋನು ಅಂದುಕೊಂಡು ಮೊಬೈಲು ತೆಗೆದು ತೋರಿಸಿದ. ಟಾರ್ಚು ಕೈಗಿಟ್ಟ ಮೇಲೆ ನಕ್ಕು, ಎರಡು ಥರದ ಸಣ್ಣ ಸೆಲ್ಲು ಮುಂದಿಟ್ಟ.

"ಇದು ಲಿಥಿಯಂ, ಆಯೀ. ತುಟ್ಟಿ, ಆದ್ರ ಬಾಳ ದಿನಾ ಬರತೈತಿ. ವರ್ಷಗಟ್ಲೆ ಪೆಟ್ಟಿಗ್ಯಾಗ ಇಟ್ರೂ ಕೆಡಂಗಿಲ್ಲ. ಖಾಲಿ ಆದ್ರ ಮುಗೀತು, ಇದನ್ನ ಚಾರ್ಜಿಗೆ ಹಾಕಬಾರ್ದು, ಧೋಕಾ ಐತಿ, ಸಿಡಿದೀತು. ಇನ್ನ ಇದು ಚಾರ್ಜ್ ಮಾಡೋದು. ಖಾಲಿ ಆದಂಗ ಮತ್ತ ತುಂಬಸ್ಕೋತ ಹೋಗೋದು."

ಗುತ್ತೆವ್ವ ಎರಡನ್ನೂ ಅಂಗೈಯಲ್ಲಿ ತೂಗಿ ನೋಡಿದಳು. "ಸಾಯೋ ಮುಂದ ಹೆಂಗ ಸಾಯ್ತಾವ, ತಮ್ಮಾ?"

"ಇಂಥಾ ಪ್ರಶ್ನಿ ಯಾರೂ ಕೇಳಿಲ್ಲ ನೋಡ್ರಿ. ಎರಡೂ ಕಡೀತನಕ ಹೆಚ್ಚಕಡಿಮಿ ಒಂದ ಸವನ ಉರೀತಾವ, ಆಮ್ಯಾಲ ಒಮ್ಮಿಗಲೇ ಆರಿ ಹೋಕ್ಕಾವ. ನಿಮ್ಮ ಹಳೇ ಸೆಲ್ಲಿನಂಗ ದಿನಾ ಇಷ್ಟಿಷ್ಟ ಮಬ್ಬ ಆಗಂಗಿಲ್ಲ."

"ಹಂಗಾದ್ರ ಎರಡೂ ಸುಳ್ಳ ಹೇಳಂಗಿಲ್ಲ."

"ದಿನಾ ಹಚ್ತೀರೇನ್ರಿ?"

"ಕಾವಿನ ದಿನದಾಗ ದಿನಾ ಎರಡ ಮೂರ ಬುಟ್ಟಿ."

"ಮತ್ತ ಚಾರ್ಜಿಂದ ಒಯ್ರಿ. ಅಪರೂಪಕ್ಕ ಹಚ್ಚವರಿಗೆ ಲಿಥಿಯಂ. ಆದ್ರ ಮೊದಲ ನಾಕ ತಾಸ ಚಾರ್ಜಿಗೆ ಹಾಕಬೇಕ್ರಿ."

ನನಗೆ ಆಸೀಮಳ ಚಿಂತೆ. "ಇವತ್ತಿಗೆ ಲಿಥಿಯಂ ಒಯ್ಯೂಣಲ್ಲ. ಊರಿಗೆ ಹೋಗೂದ್ರಾಗ ಕರೆಂಟ್ ಇರ್ಲಿಲ್ಲಂದ್ರ ಆ ಹುಡುಗಿ ತತ್ತಿ ಹೋದಂಗ" ಅಂದೆ.

"ನಾಕ ತಾಸಿನ ಕಾವಿಗೆ ಸತ್ತಿದ್ದು ಏಳತೈತಿ ಅಂತಾನ. ನಮ್ಮ ಕೋಳಿಗೆ ಇಪ್ಪತ್ತೊಂದ ದಿನಾ ಬೇಕು," ಅಂದಳು ಗುತ್ತೆವ್ವ. "ನನಗ ಈ ಚಾರ್ಜಿಂದ ಬೇಕು."

ಹನ್ನೊಂದಕ್ಕೆ ಮನೆ ಮುಟ್ಟಿದೆವು. ಕರೆಂಟಿತ್ತು. ಗುತ್ತೆವ್ವ ಜೊತೆಗೆ ಕೊಂಡು ತಂದ ಚಾರ್ಜರಿಗೆ ಸೆಲ್ಲು ಹಾಕಿ ಗೋಡೆಗೆ ಸಿಗಿಸಿ, ಓಣಿಯ ಆಚೆಗಿದ್ದ ಆಸೀಮಳಿಗೆ ಕೂಗಿದಳು: "ಕಾವಿಗೆ ಇಟ್ಟೇನವಾ! ನಾಕ ತಾಸಿನಾಗ ತಯಾರ ಆಕ್ಕಾವ!"

ಕೊಡ ಹೊತ್ತು ಹೊರಟಿದ್ದ ಭರಮವ್ವ ಅದನ್ನು ಕೇಳಿಸಿಕೊಂಡಳು. ಅವಳ ಕಿವಿಗೆ ಬಿದ್ದ ಮಾತು ನೀರಿನ ಟಾಕಿ ಮುಟ್ಟಿತು, ಅಲ್ಲಿಂದ ಗಿರಣಿ. ಎರಡಕ್ಕೆ ಕರೆಂಟು ಹೋಯಿತು. ಆಸೀಮ ಹೊಸ್ತಿಲಲ್ಲಿ ಬಂದು ಕುಳಿತವಳು ಅದು ಮರಳಿ ಬರುವವರೆಗೆ ಚಾರ್ಜರನ್ನೇ ನೋಡುತ್ತಿದ್ದಳು. ಅರ್ಧ ತಾಸಿಗೆ ಬಂತು. ನಾಲ್ಕಕ್ಕೆ ಅವಳು ಅತ್ತೆಯ ಜೊತೆ ತತ್ತಿ ತಂದಾಗ ಗುತ್ತೆವ್ವನ ಅಂಗಳದ ತುಂಬ ಹೆಂಗಸರು.

"ಏನ್ ಬಂದೀರಿ?" ಅಂದಳು ಗುತ್ತೆವ್ವ.

ಭರಮವ್ವ ತನ್ನ ಬುಟ್ಟಿ ಮುಂದೆ ಚಾಚಿದಳು. "ಕರೆಂಟಿನ್ಯಾಗ ನಾಕ ತಾಸಿಗೆ ಮರಿ ಎಬ್ಬಸ್ತೀಯಂತಲ್ಲ. ನಮ್ಮ ತತ್ತೀನೂ ಆ ವಾಯರಿಗೆ ಹಚ್ಚವಾ."

ಕನಕಪ್ಪ ನಗುತ್ತ ಕಟ್ಟೆಯಿಂದ ಜಾರಿದ. "ನನ್ನನ್ನೂ ಹಚ್ಚ ಅತ್ಲಾಗ, ಪ್ರಾಯ ಬರ್ಲಿ!"

ಅಷ್ಟೂ ಜನರ ನಡುವೆ ಗುತ್ತೆವ್ವ ಆಸೀಮಳ ಬುಟ್ಟಿ ತೆಗೆದುಕೊಂಡು ಕಂಬಳಿಯೊಳಗೆ ಹೋದಳು. ಬಿಳೀ ಬೆಳಕು ಕಂಬಳಿಯ ನೂಲಿನ ಸಂದಿಯಲ್ಲೆಲ್ಲ ಚುಚ್ಚಿ ಹೊರಗೆ ಬಂತು. ಹನ್ನೊಂದನ್ನೂ ಒಂದೊಂದಾಗಿ ನೋಡಿದಳು. ಆಮೇಲೆ ತಲೆ ಹೊರಹಾಕಿ, ಅತ್ತೆಯನ್ನೇ ನೋಡಿ, ಎಲ್ಲರಿಗೂ ಕೇಳುವಂತೆ ಹೇಳಿದಳು: "ನಿನ್ನೆ ನಾ ತಪ್ಪ ಹೇಳಿದ್ದೆ. ಆ ಏಳರಾಗ ಒಂದ ಹುಸಿ. ಆರಕ್ಕ ಜೀವ ಐತಿ. ಹುಡುಗೀದೂ ತಪ್ಪಿಲ್ಲ, ತವರಮನೀದೂ ತಪ್ಪಿಲ್ಲ. ಬಾ ಆಸೀಮಾ, ನೀನ ನೋಡ."

ಆಸೀಮ ಒಳಗೆ ನುಸುಳಿದಳು. "ಯಾ ಅಲ್ಲಾ, ಅಳ್ಳಾಡಾಕತ್ತೈತಿ!" ಅಂತ ಅವಳ ನಗು ಕೇಳಿತು.

ಅತ್ತೆಗೆ ತಡೆಯಲಾಗಲಿಲ್ಲ. "ಸರಿ ಅತ್ಲಾಗ, ನಾನೂ ನೋಡ್ತೇನಿ" ಎಂದು ಅವಳೂ ಹೊಕ್ಕಳು. ಒಂದೇ ಕಂಬಳಿಯೊಳಗೆ ಮೂವರು, ಹೊರಗೆ ಆರು ಪಾದ.

"ಮರಿ ಎದ್ದವೇನ್ರಿ?" ಭರಮವ್ವ ಹೊರಗಿನಿಂದ ಕೇಳಿದಳು.

ಅತ್ತೆ ಹತ್ತು ತತ್ತಿಯ ಬುಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಬಂದಳು. "ಇನ್ನಾ ಹದಿಮೂರ ದಿನಾ ಐತಿ! ನಮ್ಮ ತತ್ತಿಗೆ ಥಂಡಿ ಹತ್ತೈತಿ, ದಾರಿ ಬಿಡ್ರಿ ಎಲ್ಲಾರೂ!"