ಟಪಾಲು ಮೇಡಂಗೆ ನಾನು ಒದಗಿಸಿದ ಸೌಲಭ್ಯ

ಬೇಸಿಗೆ, ಮಳೆಗಾಲ ಎನ್ನದೆ ಅವರ ತುಟಿ ಒಡೆದಿರುತ್ತಿತ್ತು. ಮಾತಾಡುವ ಮೊದಲು ನಾಲಿಗೆಯಿಂದ ಒಮ್ಮೆ ಸವರಿಕೊಳ್ಳುತ್ತಿದ್ದರು. ಕೆಲವೊಮ್ಮೆ ಬಿರುಕಿನಲ್ಲಿ ರಕ್ತ ಜಿನುಗುತ್ತಿತ್ತು. "ಒಂಚೂರು ತುಪ್ಪನಾದ್ರೂ ಹಚ್ಕೊಳ್ಳಬಾರದೇನ್ರೀ?" ಎಂದು ಬೈಯುತ್ತಿದ್ದೆ. ತುಪ್ಪಕ್ಕೆ ವಾಸಿಯಾಗುವ ಬಿರುಕಲ್ಲ ಅದು ಎಂದು ತಿಳಿಯುವಷ್ಟು ಬುದ್ಧಿ ನನಗಿರಲಿಲ್ಲ.

ಬನಶಂಕರಿಯ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಸೂಪರಿಂಟೆಂಡೆಂಟ್. ಅವರು ಟಪಾಲು ವಿಭಾಗದ ಗುಮಾಸ್ತೆ, ನಮ್ಮೆಲ್ಲರ ಬಾಯಲ್ಲಿ 'ಟಪಾಲು ಮೇಡಂ'. ಹುಟ್ಟಿದಾಗ ಗಂಡು ಎಂದು ಬರೆಸಿದ್ದರಂತೆ, ಬದುಕಿದ್ದು ಹೆಂಗಸಾಗಿ. ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರ ಮೀಸಲಾತಿ ಕೊಟ್ಟ ಮೇಲೆ ಪರೀಕ್ಷೆ ಬರೆದು ಕೆಲಸ ಗಿಟ್ಟಿಸಿಕೊಂಡವರು. ಗಂಜಿ ಹಾಕಿದ ಕಾಟನ್ ಸೀರೆ, ಎಣ್ಣೆ ಹಚ್ಚಿ ಬಾಚಿದ ಜಡೆ. ಬಂದ ಕಾಗದ ಸಂಜೆಯೊಳಗೆ ಆಯಾ ಮೇಜು ಸೇರಲೇಬೇಕು. "ಯಾರೋ ಪಾಪ ಉತ್ತರಕ್ಕೆ ಕಾಯ್ತಿರ್ತಾರೆ ಮೇಡಂ" ಎನ್ನುತ್ತಿದ್ದರು. ನನ್ನ ಸಹಿ ನೋಡಿ, "ಕೋಳಿ ಕೆದಕಿದಂಗಿದೆಯಲ್ಲ ಮೇಡಂ" ಎಂದು ನಗುವ ಧೈರ್ಯ ಇದ್ದದ್ದು ಅವರೊಬ್ಬರಿಗೇ.

ಅವರು ಬಂದ ವಾರದಲ್ಲೇ ನಮ್ಮ ಹೆಂಗಸರು ನನ್ನ ಮೇಜಿನ ಮುಂದೆ ಸಾಲಾಗಿ ನಿಂತರು. "ಅವ್ರು ಲೇಡೀಸ್ ಟಾಯ್ಲೆಟ್‌ಗೆ ಬಂದ್ರೆ ನಮ್ಗೆ ಸರಿಹೋಗಲ್ಲ ಮೇಡಂ." ಗಂಡಸರ ಕಡೆಗೆ ಅವರು ಹೋಗುವ ಮಾತೇ ಇಲ್ಲ. ಅಷ್ಟರಲ್ಲಿ ಮೇಲಿನಿಂದ ಸುತ್ತೋಲೆ ಬಂತು: ಕಾಯ್ದೆಯ ಪ್ರಕಾರ ಇಂಥವರಿಗೆ ಶೌಚಾಲಯದ ಸೌಲಭ್ಯ ಒದಗಿಸತಕ್ಕದ್ದು, ಅನುಪಾಲನಾ ವರದಿ ಕಳುಹಿಸತಕ್ಕದ್ದು.

ಅಯ್ಯೋ, ಆಗ ನನ್ನ ಜಂಬ ನೋಡಬೇಕಿತ್ತು! ಮೆಟ್ಟಿಲ ಕೆಳಗೆ ಪೊರಕೆ, ಬಕೆಟ್ಟು ತುಂಬಿದ್ದ ಹಳೇ ಟಾಯ್ಲೆಟ್ಟನ್ನು ಖಾಲಿ ಮಾಡಿಸಿದೆ, ಸುಣ್ಣ ಹೊಡೆಸಿದೆ, ಹೊಸ ಬೀಗ ಹಾಕಿಸಿದೆ. ಬೇರೆಯವರು ಗಲೀಜು ಮಾಡಬಾರದೆಂದು ಕೀಲಿ ನನ್ನ ಡ್ರಾಯರಿನಲ್ಲಿ. ಸರ್ಕಾರಿ ಕೀಲಿ ಅಂದಮೇಲೆ ರಿಜಿಸ್ಟರ್ ಬೇಡವೇ? ಒಯ್ದ ಸಮಯ, ತಂದ ಸಮಯ, ಸಹಿ. ಹಾಲ್ ತುಂಬ ಜನ ನೋಡುತ್ತಿರುವಾಗ ಅವರು ಬಂದು ಸಹಿ ಮಾಡಿ ಕೀಲಿ ಒಯ್ಯಬೇಕಿತ್ತು. ನನಗೆ ಅದರಲ್ಲಿ ತಪ್ಪೇ ಕಾಣಲಿಲ್ಲ.

'ಸೌಲಭ್ಯ ಒದಗಿಸಲಾಗಿದೆ' ಎಂಬ ನನ್ನ ವರದಿ ಹೊರಡಬೇಕಾದದ್ದೂ ಟಪಾಲಿನಿಂದಲೇ. ಅವರು ನಿಂತುಕೊಂಡೇ ಓದಿದರು. "ಚೆನ್ನಾಗಿ ಬರ್ದಿದೀರ ಮೇಡಂ. ನಂಬರ್ ಹಾಕ್ಲಾ?" ಎಂದರು. ನಂಬರ್ ಹಾಕಿ, ಲಕೋಟೆ ಅಂಟಿಸಿ, ತಾವೇ ಕಳಿಸಿದರು.

ಒಂದು ದಿನ ಯಡಿಯೂರಿನಲ್ಲಿ ನಾದಿನಿಯ ಮಗಳ ಸೀಮಂತವೆಂದು ರಜೆ ಹಾಕಿದ್ದೆ. ಮರುದಿನ ಬಂದು ನೋಡಿದರೆ ಟಪಾಲು ಮೇಡಂ ಹಿಂದಿನ ದಿನ ಎರಡು ಗಂಟೆ ಸೀಟಿನಲ್ಲಿರಲಿಲ್ಲ ಎಂಬ ದೂರು. "ಹೇಳದೆ ಕೇಳದೆ ಹೋದ್ರೆ ಹೆಂಗ್ರೀ? ಅರ್ಧ ದಿನ ರಜೆ ಬರೆದುಕೊಡಿ" ಎಂದೆ. ಅಲ್ಲೇ ನಿಂತು ಬರೆದುಕೊಟ್ಟರು. ಅವರು ಆಚೆ ಹೋದ ಮೇಲೆ ನಮ್ಮ ಅಟೆಂಡರ್ ಹತ್ತಿರ ಬಂದು ದನಿ ತಗ್ಗಿಸಿದ. "ಡ್ರಾಯರ್ ಕೀ ನಿಮ್ ಬ್ಯಾಗಲ್ಲೇ ಹೋಗ್ಬಿಟ್ಟಿತ್ತು ಮೇಡಂ. ಮಧ್ಯಾಹ್ನದವರ್ಗೂ ತಡ್ಕೊಂಡು ಕೂತಿದ್ರು. ಆಮೇಲೆ ಆಟೋ ಹಿಡ್ದು ಮನೆಗೋದ್ರು. ವಾಪಸ್ ಬಂದಾಗ ಬೇರೆ ಸೀರೆ ಉಟ್ಟಿದ್ರು."

ಆ ರಜಾ ಚೀಟಿ ಹರಿದುಹಾಕಿದೆ. ಆದರೆ ಎದ್ದು ಹೋಗಿ ಅವರಲ್ಲಿ ಕ್ಷಮೆ ಕೇಳಿದೆನೇ? ಇಲ್ಲ. ಆಮೇಲೆ ಕೇಳಿದರಾಯ್ತು ಅಂದುಕೊಂಡೆ.

ಆ ದಿನದಿಂದ ಅವರು ಕೀಲಿ ಕೇಳಲು ಬರಲೇ ಇಲ್ಲ. ಬೆಳಿಗ್ಗೆ ಮನೆ ಬಿಟ್ಟರೆ ಸಂಜೆಯವರೆಗೆ ಹನಿ ನೀರು ಮುಟ್ಟುತ್ತಿರಲಿಲ್ಲ. ಹನ್ನೊಂದರ ಕಾಫಿಗೆ ಕರೆದರೆ "ಬೇಡ ಮೇಡಂ, ಅಭ್ಯಾಸ ತಪ್ಪೋಗಿದೆ" ಎನ್ನುವರು. ಮೊದಮೊದಲು ಸೊಕ್ಕು ಅಂದುಕೊಂಡೆವು. ಆಮೇಲಾಮೇಲೆ ಜ್ವರ ಬರತೊಡಗಿತು. ಇನ್‌ಫೆಕ್ಷನ್ ಅಂದರು, ಕಿಡ್ನಿಗೆ ಹತ್ತಿದೆ ಅಂದರು. ಮೂರನೇ ಸಲ ಆಸ್ಪತ್ರೆ ಸೇರಿದವರು ಮನೆಗೆ ಬರಲಿಲ್ಲ.

ಕರ್ಮಾಂತರ ಕಳೆದ ಮೇಲೆ ಜರಗನಹಳ್ಳಿಯ ಅವರ ವಠಾರ ಹುಡುಕಿಕೊಂಡು ಹೋದೆ. ಬಿಸಿಲಲ್ಲಿ ಬಂದವಳೆಂದು ಪಕ್ಕದ ಮನೆಯಾಕೆ ಎರಡು ಲೋಟ ಮಜ್ಜಿಗೆ ಕೊಟ್ಟಳು. ಸ್ವಲ್ಪ ಹೊತ್ತಿಗೆ ನನಗೇ ತಡೆಯದಾಯಿತು. ನಾಚಿಕೆಯಿಂದ ಕೇಳಿದೆ. ಆಕೆ ಹಿತ್ತಲ ಕಡೆ ಕೈ ತೋರಿಸಿದಳು. "ಐದು ಮನೆ ಹೆಂಗಸ್ರಿಗೂ ಅದೊಂದೇ ಮೇಡಂ."

"ಅವರೂ ಇದಕ್ಕೇ ಬರ್ತಿದ್ರಾ?"

"ಮತ್ತೆ? ನಮ್ಮತ್ತೆಗೆ ಕಣ್ಣು ಕಾಣಲ್ಲ. ದಿನಾ ಬೆಳಿಗ್ಗೆ ಕೈ ಹಿಡ್ದು ಕರ್ಕೊಂಡು ಹೋಗ್ತಿದ್ದಿದ್ದೇ ಅಕ್ಕ."

"ಕೀಲಿ?" ಎಂದುಬಿಟ್ಟೆ, ಅಭ್ಯಾಸಬಲ.

ಆಕೆ ನನ್ನ ಮುಖವನ್ನೇ ನೋಡಿದಳು. "ಇದಕ್ಕೆ ಯಾರಾದ್ರೂ ಬೀಗ ಹಾಕ್ತಾರಾ ಮೇಡಂ?"

ಒಳಗೆ ಹೋಗಿ ಚಿಲಕ ಹಾಕಿಕೊಂಡೆ. ತಡೆಯಲಾರದೆ ಅಳು ಬಂತು. ಸದ್ದು ಕೇಳಿಸದಿರಲೆಂದು ನಲ್ಲಿ ಬಿಟ್ಟೆ. ತಡವಾಯಿತೇನೋ, ಬಾಗಿಲಾಚೆಯಿಂದ ಆಕೆ ಹೇಳಿದಳು: "ಅರ್ಜೆಂಟೇನಿಲ್ಲ ಮೇಡಂ. ನಿಧಾನಕ್ಕೆ ಬನ್ನಿ."