ಮಾವಶಿಯ ಐದನೇ ಗೇರು

ಮಾವಶಿಯ ಎಡಗೈಯಲ್ಲಿ ಬಳೆ ಇರುತ್ತಿರಲಿಲ್ಲ. ಬಲಗೈ ತುಂಬ ಹಸಿರು ಬಳೆ. ಎಡಗೈ ಬೋಳು, ಮಣಿಕಟ್ಟು ಸದಾ ತುಸು ಊದಿರುತ್ತಿತ್ತು. ಅವರ ಹಳೆಯ ಅಂಬಾಸಿಡರಿನ ಗೇರು ಸ್ಟೀರಿಂಗಿನ ಪಕ್ಕದಲ್ಲಿತ್ತು. ಅದನ್ನು ಎಳೆದು ಎಳೆದು ಬಂದ ಬಾವು ಅದು.

ಕೇಶ್ವಾಪುರದ ಅವರ ಮನೆಯ ಮಹಡಿಯಲ್ಲಿ ನಾವು ಬಾಡಿಗೆಗಿದ್ದೆವು; ನೆಂಟರಲ್ಲದಿದ್ದರೂ ಚಿಕ್ಕಮ್ಮನಂತಿದ್ದ ಅವರನ್ನು ಮಾವಶಿ ಎಂದೇ ಕರೆಯುತ್ತಿದ್ದೆ. ಶಾಲೆಯಲ್ಲಿ ಕಲಿಸಿ ನಿವೃತ್ತರಾಗಿದ್ದರು. ನಾನು ಕಂಡಾಗೆಲ್ಲ ದಣಿದೇ ಇದ್ದರು. "ಮುಂಜಾನೆ ಏಳೂದ್ರಾಗನ ದಣದಿರ್ತೇನಿ ನೋಡವಾ," ಎಂದು ತಾವೇ ಹೇಳುವರು.

ಅವರ ಯಜಮಾನರಿಗೆ, ಅಂದರೆ ನಮ್ಮ ಕಾಕಾಗೆ, ಲಕ್ವಾ ಹೊಡೆದು ಬಲಗಾಲು, ಮಾತು ಎರಡೂ ಹೋಗಿದ್ದವು. ಮಾತು ಮರಳಿ ಕಲಿಸುವ ಡಾಕ್ಟರೊಬ್ಬರು ಬೆಳಗಾವಿಯಲ್ಲಿದ್ದರು. ವಾರಕ್ಕೊಮ್ಮೆ ಮಾವಶಿಯೇ ಕಾರು ಓಡಿಸಿಕೊಂಡು ಹೋಗುವರು. ಕಾಕಾರನ್ನು ಹಿಡಿದು ಇಳಿಸಲು ಬಿಡುವಿದ್ದಾಗ ನಾನೂ ಹೋಗುತ್ತಿದ್ದೆ. ಹೆದ್ದಾರಿಯಲ್ಲಿ ಅರವತ್ತು ದಾಟಿದರೆ ಎಂಜಿನ್ ಒದರಾಡುತ್ತಿತ್ತು. ಮನೆ ಸೇರುವಷ್ಟರಲ್ಲಿ ಮೂವರ ಕಿವಿಯೂ ಗುಂಯ್‌ಗುಡುತ್ತಿತ್ತು.

ಹೊಸ ಕಾರು ಕೊಳ್ಳಬಾರದೇ ಎಂದು ಕೇಳದವರಿಲ್ಲ. ತಾರಿಹಾಳದ ಗ್ಯಾರೇಜಿನ ಮೇಸ್ತ್ರಿಯೂ ಕೇಳಿದ.

"ಅಕ್ಕಾರ, ಇದನ್ನ ಮಾರ್ರಿ. ಹೊಸಾವು ಛಲೋ ಗಾಡಿ ಬಂದಾವು."

"ಹೊಸಾ ಗಾಡ್ಯಾಗ ಇವರ ಕಾಲ ಹಿಡಿಯಂಗಿಲ್ಲಪಾ. ಇದರ ಬಾಗಲಾ ಅಗಲ ಅದ, ಸೀಟ ಎತ್ತರ ಅದ. ಒಳಗಿಂದ ಏನ್ ಬೇಕಾದ್ದ ಬದ್ಲಸು. ಹೈವೇದಾಗ ಚೀರಬಾರ್ದು. ಇವರು ಏನರೆ ಅಂದ್ರ ನಂಗ ಕೇಳ್ಸಬೇಕು."

ಮೇಸ್ತ್ರಿ ನಾಲ್ಕು ಗೇರಿನ ಪೆಟ್ಟಿಗೆ ಬಿಚ್ಚಿ, ಗುಜರಿಯಿಂದ ತಂದ ಐದು ಗೇರಿನದನ್ನು ಕೂಡಿಸಿದ. ಅದು ಉದ್ದವಾದ್ದರಿಂದ ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟನ್ನು ಕತ್ತರಿಸಿ ಗಿಡ್ಡ ಮಾಡಬೇಕಾಯಿತು. ಗೇರಿನ ಹಿಡಿಕೆಗೆ ಕಾರಿನ ತಳವನ್ನೇ ಕೊರೆದ. ಮೊದಲ ಸಲ ಹೊರಗೆ ತೆಗೆದಾಗ ಕಾರು ಚಳಿಜ್ವರ ಬಂದಂತೆ ನಡುಗಿತು; ಶಾಫ್ಟಿನ ತೂಕ ತಪ್ಪಿತ್ತು. ಮತ್ತೆ ಎಲ್ಲ ಬಿಚ್ಚಿದ. ಬಿಸಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಮಾವಶಿ, "ಸಾಕಾಗೇದವಾ ನಂಗ," ಎಂದು ನನಗಷ್ಟೇ ಕೇಳುವಂತೆ ಹೇಳಿದರು. ಎದ್ದು ಮಾತ್ರ ಹೋಗಲಿಲ್ಲ.

ಮುಂದಿನ ವಾರ ಧಾರವಾಡ ದಾಟಿದ ಮೇಲೆ ಐದನೇ ಗೇರಿಗೆ ಹಾಕಿದರು. ಎಂಜಿನ್ನಿನ ಸದ್ದು ಇಳಿಯಿತು. ಎಂಬತ್ತರಲ್ಲಿ ಓಡುತ್ತಿದ್ದರೂ ಕಿಟಕಿಯ ಗಾಳಿ ಕೇಳುತ್ತಿತ್ತು. ಕಿತ್ತೂರು ಹತ್ತಿರವಾದಾಗ ಕಾಕಾ ಬಾಯಿ ತೆರೆದರು.

"ಸಾ... ಸಾವಕಾಶ."

ಹೆಂಡತಿ ಸ್ಟೀರಿಂಗ್ ಹಿಡಿದಾಗಲೆಲ್ಲ ಲಕ್ವಾ ಹೊಡೆಯುವ ಮೊದಲು ಅವರು ಹೇಳುತ್ತಿದ್ದ ಮಾತಂತೆ ಅದು. ಆಗೆಲ್ಲ ಮಾವಶಿಗೆ ಸಿಟ್ಟು ಬರುತ್ತಿತ್ತಂತೆ. ಅಂದು "ಹೂಂರಿ" ಎಂದು ಕಾಲು ಸಡಿಲಿಸಿದರು. ಅಷ್ಟೆಲ್ಲ ಮಾಡಿಸಿದ ಕಾರು ಮತ್ತೆ ಅರವತ್ತಕ್ಕೇ ಇಳಿಯಿತು, ಲಾರಿಗಳು ನಮ್ಮನ್ನು ದಾಟಿ ಹೋದವು. ಬೆಳಗಾವಿ ಬರುವತನಕ ಕಾಕಾ ಅದೊಂದೇ ಮಾತು ಹೇಳುತ್ತಿದ್ದರು. ಮಾವಶಿ ಪ್ರತಿ ಸಲವೂ ಹೂಂಗುಟ್ಟಿದರು.

ಆ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಮಾವಶಿ ಕಾರಿಗೆ ಹೊದಿಕೆ ಹಾಕಿ, "ಇನ್ನ ಆ ದಾರಿಗೆ ಹೋಗಂಗಿಲ್ಲ," ಎಂದರು. ಆದರೆ ಕೆಲವು ತಿಂಗಳಲ್ಲಿ ನಮ್ಮ ಓಣಿಯ ಹೂವಿನ ಅಂಗಡಿಯ ಹೆಂಗಸಿಗೂ ಲಕ್ವಾ ಹೊಡೆದು ಮಾತು ನಿಂತಿತು. ಬಸ್ಸಿನ ಓಡಾಟ ತಾಳದೆ ಆಕೆ ಬೆಳಗಾವಿಯ ಚಿಕಿತ್ಸೆ ಬಿಟ್ಟಿದ್ದಾರೆಂದು ತಿಳಿದಾಗ ಮಾವಶಿ ಗೊಣಗುತ್ತಲೇ ಹೊದಿಕೆ ತೆಗೆದರು. "ಹೈವೇಕ್ಕಂತನ ಮಾಡಿಸೇನಿ. ನಿಂತ್ರ ತುಕ್ಕ ಹಿಡೀತದ."

ವರ್ಷಕ್ಕೂ ಹೆಚ್ಚು ಕಾಲ ಆಕೆಯನ್ನು ಕರೆದೊಯ್ದರು. ಡಾಕ್ಟರು ಕಲಿಸಿದ ಮಾತನ್ನು ದಾರಿಯುದ್ದಕ್ಕೂ ಆಕೆಯಿಂದ ಮತ್ತೆ ಮತ್ತೆ ಹೇಳಿಸುತ್ತಿದ್ದರಂತೆ. ಮರಳಿ ಬಂದ ಸಂಜೆ ಮೆಟ್ಟಿಲ ಮೇಲೆ ಕುಸಿದು ಕೂತು, ನಾನು ಕೊಟ್ಟ ಚಹಾ ಆರಿದ ಮೇಲೆ ಕುಡಿಯುತ್ತಿದ್ದರು.

ಹೋದ ಬೇಸಿಗೆಯ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಮಾವಶಿ ಏಳಲಿಲ್ಲ.

ಮಣ್ಣಿಗೆ ಬಂದಿದ್ದ ಹೂವಿನ ಅಂಗಡಿಯಾಕೆ ನನ್ನ ಪಕ್ಕ ಬಂದು ಕೂತರು. ಬಹಳ ಹೊತ್ತು ತುಟಿ ಅಲುಗಿಸಿದರು. ನಾನು ಕೈ ಹಿಡಿದು ಬೇಡವೆಂದೆ. ಕೈ ಬಿಡಿಸಿಕೊಂಡು, ಒಂದೊಂದೇ ಮಾತು ಹುಡುಕಿ, ಪೂರ್ತಿ ಹೇಳಿದರು:

"ಅಕ್ಕಾರು... ನನಗ... ಭಾಳ... ಬೈತಿದ್ರು."